ಕಿವಿ ಹಿಂಡುವ ಮೊದಲು

ಮೂರನೆಯ ತರಗತಿಯಲ್ಲಿ ಉಕ್ತಲೇಖನ ನಡೆದಿದೆ. ಮೇಷ್ಟ್ರು ಬೆಂಚುಗಳ ನಡುವೆ ಅತ್ತಿತ್ತ ನಡೆಯುತ್ತ ಒಂದೊಂದೇ ಪದ ಹೇಳುತ್ತಿದ್ದಾರೆ. 'ಸಾಲು' ಎಂದರು. ಹಿಂದಿನ ಬೆಂಚಿನ ಹುಡುಗ 'ಹಾಲು' ಎಂದು ಬರೆದ. 'ತಟ್ಟೆ' ಎಂದರು. ಅವನ ಪುಸ್ತಕದಲ್ಲಿ ಅದು 'ಕಟ್ಟೆ' ಆಯಿತು. 'ಬೀಸು' ಎಂದದ್ದು 'ಬೀಗು' ಆಯಿತು. ಹತ್ತು ಪದಗಳಲ್ಲಿ ಆರು ತಪ್ಪು. ಮೇಷ್ಟ್ರು ಅವನನ್ನು ಎದ್ದು ನಿಲ್ಲಿಸಿ, 'ಕಿವಿ ಎಲ್ಲಿಟ್ಟುಕೊಂಡು ಕೂತಿದ್ದೀಯೋ?' ಎಂದು ಕಿವಿ ಹಿಂಡಿದರು. ತರಗತಿ ನಕ್ಕಿತು. ಹುಡುಗನೂ ನಕ್ಕ. ಎಲ್ಲರೂ ಏಕೆ ನಗುತ್ತಿದ್ದಾರೆಂದು ಅವನಿಗೆ ಪೂರ್ತಿ ತಿಳಿಯಲಿಲ್ಲ.

ಈ ಹುಡುಗನಿಗೆ ಹೆಸರು ಬೇಡ. ಇಂಥವನೊಬ್ಬ ಯಾವ ಊರಿನ ಶಾಲೆಯಲ್ಲಾದರೂ ಇರಬಹುದು. ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ. ಆದರೂ ಕಿವಿ ಹಿಂಡುವ ಕೈ ಪೂರ್ತಿ ನಿಂತಿಲ್ಲ. ವಿಚಿತ್ರವೆಂದರೆ, ಎಷ್ಟೋ ಸಲ ತಪ್ಪು ನಿಜವಾಗಿಯೂ ಆ ಕಿವಿಯಲ್ಲೇ ಇರುತ್ತದೆ. ಅದಕ್ಕೆ ಬೇಕಾದದ್ದು ಹಿಂಡುವ ಕೈಯಲ್ಲ, ಪರೀಕ್ಷಿಸುವ ಕೈ.

ಸ್ವರ ಕೇಳುತ್ತದೆ, ವ್ಯಂಜನ ಕೇಳದು

ಮನೆಯವರನ್ನು ಕೇಳಿದರೆ ಒಪ್ಪುವುದಿಲ್ಲ. 'ಅವನಿಗೆ ಕಿವಿ ಕೇಳೋಲ್ಲವೇ? ಅಡುಗೆಮನೆಯಿಂದ ಕರೆದರೆ ಓಡಿ ಬರುತ್ತಾನೆ. ನಾಯಿ ಬೊಗಳಿದರೆ ಮೊದಲು ಎದ್ದು ನೋಡುವವನೇ ಅವನು. ಓದು ಅಂದರೆ ಮಾತ್ರ ಜಾಣ ಕಿವುಡು' ಎನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಆದರೆ ಕಿವಿ ಕೇಳುವುದು ಅಥವಾ ಕೇಳದಿರುವುದು ವಿದ್ಯುದ್ದೀಪದ ಸ್ವಿಚ್ಚಿನಂತಲ್ಲ. ಕೆಲವು ಶಬ್ದ ಸ್ಪಷ್ಟವಾಗಿ ಕೇಳಿ, ಕೆಲವು ಮಸುಕಾಗಿ, ಇನ್ನು ಕೆಲವು ಕೇಳಿಸದೆಯೇ ಹೋಗಬಹುದು.

ಶಬ್ದವೆಂದರೆ ಕಂಪನ. ಒಂದು ಸೆಕೆಂಡಿನಲ್ಲಿ ಎಷ್ಟು ಕಂಪನ ಎಂಬುದನ್ನು ಹರ್ಟ್ಜ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಆರೋಗ್ಯವಂತ ಎಳೆಯ ಕಿವಿ ಸುಮಾರು 20ರಿಂದ 20,000 ಹರ್ಟ್ಜ್‌ವರೆಗಿನ ಶಬ್ದಗಳನ್ನು ಗ್ರಹಿಸಬಲ್ಲದು. ನಮ್ಮ ಮಾತಿನಲ್ಲಿ ಆ, ಈ, ಊ ಮುಂತಾದ ಸ್ವರಗಳು ಗಟ್ಟಿಯಾಗಿರುತ್ತವೆ. ಅವುಗಳ ಶಕ್ತಿಯ ಬಹುಪಾಲು ಕೆಳಗಿನ ಆವರ್ತಗಳಲ್ಲಿರುತ್ತದೆ. ಸ, ಶ, ತ, ಚ, ಕ ಮುಂತಾದ ವ್ಯಂಜನಗಳು ಮೆಲುವಾದವು. ಅವುಗಳಲ್ಲಿ ಹಲವಕ್ಕೆ ಮೇಲಿನ ಆವರ್ತಗಳೇ ಆಧಾರ. 'ಸ'ಕಾರದ ಸುಯ್ಲು 4,000 ಹರ್ಟ್ಜ್‌ಗಿಂತಲೂ ಮೇಲೆ ಹೋಗುತ್ತದೆ.

ಮೇಲಿನ ಆವರ್ತಗಳು ಮಾತ್ರ ಕೇಳಿಸದ ಕಿವಿಗೆ ಏನಾಗುತ್ತದೆ? ಹಾಲು, ಸಾಲು, ಕಾಲು, ಪಾಲು ಎಲ್ಲವೂ 'ಆಲು' ಎಂಬಂತೆ ಕೇಳುತ್ತವೆ. ಹೆಸರು ಹಿಡಿದು ಕೂಗಿದರೆ ಸ್ವರ ಕೇಳಿ ಮಗು ಓಡಿ ಬರುತ್ತದೆ. ಎದುರಿಗೆ ನಿಂತು ಮಾತಾಡಿದರೆ ತುಟಿಯ ಚಲನೆ ನೋಡಿ ಉಳಿದದ್ದನ್ನು ಊಹಿಸಿಕೊಳ್ಳುತ್ತದೆ. ಮೇಷ್ಟ್ರು ಬೆನ್ನು ತಿರುಗಿಸಿದೊಡನೆ ಊಹೆ ಕೆಟ್ಟು ಬರೆದದ್ದು ತಪ್ಪುತ್ತದೆ. 'ಕೇಳುತ್ತದೆ, ಆದರೆ ತಿಳಿಯುವುದಿಲ್ಲ' ಎಂಬ ಈ ಸ್ಥಿತಿಯನ್ನು ದೊಡ್ಡವರಾದರೆ ಬಾಯಿಬಿಟ್ಟು ಹೇಳುತ್ತಾರೆ. ಮಗು ಹೇಳುವುದಿಲ್ಲ. ಲೋಕವೆಲ್ಲ ಹೀಗೆಯೇ ಕೇಳಿಸಿಕೊಳ್ಳುತ್ತದೆ ಎಂದು ಅದು ನಂಬಿರುತ್ತದೆ.

ಶಂಖದೊಳಗಿನ ಕೂದಲು

ದೋಷ ಎಲ್ಲಿದೆ ಎಂಬುದನ್ನು ತಿಳಿಯಲು ಕಿವಿಯ ರಚನೆಯನ್ನು ಸ್ವಲ್ಪ ನೆನಪು ಮಾಡಿಕೊಳ್ಳಬೇಕು. ಹೊರಗಿವಿಯ ನಾಳದಲ್ಲಿ ಹಾದುಬಂದ ಶಬ್ದ ತಮಟೆಯನ್ನು ನಡುಗಿಸುತ್ತದೆ. ಆ ನಡುಕವನ್ನು ನಡುಗಿವಿಯ ಮೂರು ಪುಟ್ಟ ಮೂಳೆಗಳು, ಅಂದರೆ ಸುತ್ತಿಗೆ, ಅಡಿಗಲ್ಲು ಮತ್ತು ರಿಕಾಪು, ಒಂದರಿಂದ ಒಂದಕ್ಕೆ ದಾಟಿಸುತ್ತವೆ. ರಿಕಾಪು ದೇಹದ ಎಲ್ಲ ಮೂಳೆಗಳಲ್ಲಿ ಅತಿ ಚಿಕ್ಕದು. ಅಲ್ಲಿಂದ ಮುಂದೆ ಒಳಗಿವಿ. ಶಂಖದಂತೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡಿರುವ ಈ ಅಂಗಕ್ಕೆ ಕಾಕ್ಲಿಯ ಎಂದು ಹೆಸರು. ಅದರೊಳಗೆ ದ್ರವವಿದೆ, ಹದಿನೈದು ಸಾವಿರದಷ್ಟು ಕೂದಲು ಕೋಶಗಳಿವೆ. ದ್ರವದಲ್ಲಿ ಎದ್ದ ಅಲೆಗೆ ಈ ಕೋಶಗಳ ಮೇಲಿನ ಸೂಕ್ಷ್ಮ ರೋಮಗಳು ಬಾಗುತ್ತವೆ. ಅದರಿಂದ ಹುಟ್ಟಿದ ವಿದ್ಯುತ್ ಸಂಕೇತ ನರದ ಮೂಲಕ ಮಿದುಳಿಗೆ ಹೋಗುತ್ತದೆ.

ಕಾಕ್ಲಿಯದ ಬುಡದ ಭಾಗ ಮೇಲಿನ ಆವರ್ತಗಳಿಗೆ, ತುದಿಯ ಭಾಗ ಕೆಳಗಿನ ಆವರ್ತಗಳಿಗೆ ಹೆಚ್ಚು ಸ್ಪಂದಿಸುತ್ತದೆ. ವೀಣೆಯ ಮೆಟ್ಟಿಲುಗಳಂತೆ ಒಂದೊಂದು ಶ್ರುತಿಗೆ ಒಂದೊಂದು ಜಾಗ. ಈ ಅಲೆಯ ಓಟವನ್ನು ಕಂಡುಹಿಡಿದವರು ಹಂಗೆರಿಯ ಗಿಯೋರ್ಗ್ ಫಾನ್ ಬೇಕೇಶಿ. ಬುಡಾಪೆಸ್ಟಿನ ಅಂಚೆ ಇಲಾಖೆಯ ಪ್ರಯೋಗಾಲಯದಲ್ಲಿ ದೂರವಾಣಿಯ ಕೆಲಸ ಮಾಡುತ್ತಿದ್ದ ಅವರಿಗೆ ಈ ಸಂಶೋಧನೆಗಾಗಿ 1961ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಮನುಷ್ಯನ ಕೂದಲು ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ತಲೆಯ ಕೂದಲು ಉದುರಿದರೆ ಚಿಂತಿಸುವ ನಾವು ಕಿವಿಯ ಈ ಕೂದಲ ಬಗ್ಗೆ ಯೋಚಿಸುವುದೇ ಇಲ್ಲ.

ಪರೀಕ್ಷೆಯ ಕೋಣೆಯಲ್ಲಿ

ಉಕ್ತಲೇಖನದ ಹುಡುಗನನ್ನು ಕೊನೆಗೂ ಪರೀಕ್ಷೆಗೆ ಕರೆತಂದರು ಎಂದುಕೊಳ್ಳೋಣ. ಮೈಸೂರಿನ ಸುತ್ತಲಿನವರಾದರೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಬರುತ್ತಾರೆ. 1960ರ ದಶಕದ ನಡುಭಾಗದಲ್ಲಿ ಆರಂಭವಾದ ಈ ಕೇಂದ್ರ ಸರ್ಕಾರದ ಸಂಸ್ಥೆ ದೇಶಕ್ಕೆ ಶ್ರವಣತಜ್ಞರ ಹಲವು ತಲೆಮಾರುಗಳನ್ನು ಕೊಟ್ಟಿದೆ. ಬೇರೆ ಕಡೆಯವರು ಜಿಲ್ಲಾ ಆಸ್ಪತ್ರೆಯಲ್ಲೋ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೋ ವಿಚಾರಿಸಬಹುದು.

ಇಲ್ಲಿ ಇಬ್ಬರು ತಜ್ಞರ ಕೆಲಸ ಬೇರೆ ಬೇರೆ. ಕಿವಿ, ಮೂಗು, ಗಂಟಲಿನ ವೈದ್ಯರು ರೋಗ ಗುರುತಿಸಿ ಔಷಧ ಕೊಡುತ್ತಾರೆ, ಬೇಕಾದರೆ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಎಷ್ಟು ಕೇಳುತ್ತದೆ, ಯಾವ ಆವರ್ತ ಕೇಳುವುದಿಲ್ಲ ಎಂದು ಅಳೆದು, ಶ್ರವಣಸಾಧನ ಹೊಂದಿಸಿ, ಕೇಳುವ ತರಬೇತಿ ಕೊಡುವವರು ಆಡಿಯಾಲಜಿಸ್ಟ್, ಅಂದರೆ ಶ್ರವಣತಜ್ಞರು. ಇವರಿಗೆ ವಾಕ್ ಮತ್ತು ಶ್ರವಣ ವಿಷಯದ ಪದವಿ ಇರಬೇಕು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆಗಿರಬೇಕು. ಯಂತ್ರ ಮಾರುವ ಅಂಗಡಿಯವರೆಲ್ಲ ಶ್ರವಣತಜ್ಞರಲ್ಲ. ನೋಂದಣಿ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಮೊದಲು ಪ್ರಶ್ನೆಗಳು. ಹುಟ್ಟಿದಾಗ ಮಗು ತಕ್ಷಣ ಅತ್ತಿತೇ? ತೀವ್ರ ಕಾಮಾಲೆ ಆಗಿತ್ತೇ? ಮಿದುಳು ಜ್ವರ, ಮಂಗನಬಾವು ಬಂದಿತ್ತೇ? ಕಿವಿ ಸೋರುತ್ತಿತ್ತೇ? ವಂಶದಲ್ಲಿ ಕಿವುಡುತನ ಇದೆಯೇ? ತಂದೆತಾಯಿ ರಕ್ತಸಂಬಂಧಿಗಳೇ? ಈ ಕೊನೆಯ ಪ್ರಶ್ನೆಗೆ ಕೆಲವರು ಮುಜುಗರಪಡುತ್ತಾರೆ. ಸೋದರಮಾವ, ಅತ್ತೆಯ ಮಗ ಎಂಬ ಸಂಬಂಧಗಳು ನಮ್ಮಲ್ಲಿ ರೂಢಿ. ಆದರೆ ರಕ್ತಸಂಬಂಧದ ಮದುವೆಯಲ್ಲಿ ಹುಟ್ಟುವ ಮಕ್ಕಳಲ್ಲಿ ಅನುವಂಶೀಯ ಕಿವುಡುತನದ ಸಂಭವ ಹೆಚ್ಚು ಎಂಬುದು ನಿಜ. ಪ್ರಶ್ನೆ ಇರುವುದು ಯಾರನ್ನೂ ದೂರುವುದಕ್ಕಲ್ಲ, ಕಾರಣ ಹುಡುಕುವುದಕ್ಕೆ.

ಆಮೇಲೆ ಪುಟ್ಟ ದೀಪವಿರುವ ಉಪಕರಣದಿಂದ ಕಿವಿಯ ಒಳಗೆ ನೋಡುತ್ತಾರೆ. ಗುಗ್ಗೆ ಕಟ್ಟಿಕೊಂಡಿದ್ದರೆ ಅದನ್ನು ತೆಗೆಸುತ್ತಾರೆ. ನಂತರ ಹೊರಗಿನ ಸದ್ದು ಒಳಬಾರದಂತೆ ಕಟ್ಟಿದ ಕೋಣೆಯಲ್ಲಿ ಹುಡುಗನನ್ನು ಕೂರಿಸಿ, ತಲೆಗೆ ಹೆಡ್‌ಫೋನ್ ತೊಡಿಸುತ್ತಾರೆ. 'ಎಷ್ಟೇ ಮೆಲ್ಲಗೆ ಕೇಳಿದರೂ ಸರಿ, ಕೇಳಿದೊಡನೆ ಗುಂಡಿ ಒತ್ತು' ಎನ್ನುತ್ತಾರೆ. ಇನ್ನೂ ಚಿಕ್ಕ ಮಗುವಾದರೆ ಶಬ್ದ ಕೇಳಿದಾಗಲೆಲ್ಲ ಒಂದು ಮಣಿಯನ್ನು ಡಬ್ಬಿಗೆ ಹಾಕುವ ಆಟ ಕಲಿಸುತ್ತಾರೆ. ಸೂಜಿ ಇಲ್ಲ, ನೋವಿಲ್ಲ.

250ರಿಂದ 8,000 ಹರ್ಟ್ಜ್‌ವರೆಗಿನ ಆಯ್ದ ಶುದ್ಧ ನಾದಗಳನ್ನು ಒಂದೊಂದು ಕಿವಿಗೂ ಪ್ರತ್ಯೇಕವಾಗಿ ಕೇಳಿಸುತ್ತಾರೆ. ಮಗು ಗುಂಡಿ ಒತ್ತಿದರೆ ಸದ್ದನ್ನು 10 ಡೆಸಿಬಲ್ ಇಳಿಸುತ್ತಾರೆ, ಒತ್ತದಿದ್ದರೆ 5 ಡೆಸಿಬಲ್ ಏರಿಸುತ್ತಾರೆ. ಹೀಗೆ ಇಳಿದೇರಿ, ಕೊಟ್ಟ ಸಲಗಳಲ್ಲಿ ಅರ್ಧದಷ್ಟಾದರೂ ಕೇಳಿಸುವ ಅತಿ ಮೆಲುವಾದ ಮಟ್ಟವನ್ನು ಗುರುತಿಸುತ್ತಾರೆ. ಅದು ಆ ಆವರ್ತಕ್ಕೆ ಆ ಕಿವಿಯ ಹೊಸ್ತಿಲು.

ಕೆಂಪು ಸೊನ್ನೆ, ನೀಲಿ ಗುಣಾಕಾರ

ಈ ಹೊಸ್ತಿಲುಗಳನ್ನು ನಕ್ಷೆಯ ಕಾಗದದ ಮೇಲೆ ಗುರುತಿಸಿದರೆ ಅದೇ ಆಡಿಯೋಗ್ರಾಂ, ಶ್ರವಣನಕ್ಷೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರ ಚಿಹ್ನೆ. ಅಡ್ಡಗೆರೆಯಲ್ಲಿ ಆವರ್ತ, ನಿಲುಗೆರೆಯಲ್ಲಿ ಡೆಸಿಬಲ್. ಶಾಲೆಯ ನಕ್ಷೆಗಳಿಗಿಂತ ಇದು ಒಂದು ವಿಷಯದಲ್ಲಿ ಬೇರೆ. ಇಲ್ಲಿ ಸೊನ್ನೆ ಮೇಲಿರುತ್ತದೆ, ಗೆರೆ ಕೆಳಗಿಳಿದಷ್ಟೂ ದೋಷ ಹೆಚ್ಚು.

ಡೆಸಿಬಲ್ ಎಂಬ ಹೆಸರು ದೂರವಾಣಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರಿಂದ ಬಂದದ್ದು. ಅವರ ತಾಯಿಗೂ ಹೆಂಡತಿಗೂ ಕಿವಿ ಕೇಳುತ್ತಿರಲಿಲ್ಲ, ಸ್ವತಃ ಬೆಲ್ ಕಿವುಡ ಮಕ್ಕಳ ಶಿಕ್ಷಕರಾಗಿದ್ದರು. ಸೊನ್ನೆ ಡೆಸಿಬಲ್ ಎಂದರೆ ನಿಶ್ಶಬ್ದವಲ್ಲ. ಆರೋಗ್ಯವಂತ ಯುವಕರ ಕಿವಿ ಸರಾಸರಿಯಾಗಿ ಗ್ರಹಿಸಬಲ್ಲ ಅತಿ ಮೆಲುವಾದ ಸದ್ದು. ಪ್ರತಿ 10 ಡೆಸಿಬಲ್ ಏರಿಕೆಗೆ ಶಬ್ದದ ತೀವ್ರತೆ ಹತ್ತು ಪಟ್ಟು ಹೆಚ್ಚುತ್ತದೆ. ಪಿಸುಮಾತು ಸುಮಾರು 30, ಸಾಧಾರಣ ಮಾತು ಸುಮಾರು 60 ಡೆಸಿಬಲ್.

ಎರಡು ಕಿವಿಗಳಲ್ಲಿ ಚೆನ್ನಾಗಿರುವ ಕಿವಿಯ 500, 1,000, 2,000 ಮತ್ತು 4,000 ಹರ್ಟ್ಜ್‌ಗಳ ಹೊಸ್ತಿಲಿನ ಸರಾಸರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯ ಪ್ರಕಾರ ಅದು 20ಕ್ಕಿಂತ ಕಡಿಮೆಯಿದ್ದರೆ ಸಹಜ. 20ರಿಂದ 35ರೊಳಗೆ ಅಲ್ಪ, 35ರಿಂದ 50ರೊಳಗೆ ಮಧ್ಯಮ ದೋಷ. ಅಲ್ಲಿಂದ ಮೇಲೆ ತೀವ್ರತೆ ಹೆಚ್ಚುತ್ತ ಹೋಗಿ, 80 ದಾಟಿದರೆ ಅತಿ ತೀವ್ರ. ನಮ್ಮ ಹುಡುಗನ ಚೆನ್ನಾಗಿರುವ ಕಿವಿಯ ಹೊಸ್ತಿಲುಗಳು ಕ್ರಮವಾಗಿ 20, 30, 50, 60 ಎಂದಿರಲಿ. ಸರಾಸರಿ 40. ಮಧ್ಯಮ ದೋಷ. ಗೆರೆ ಎಡದಲ್ಲಿ ಮೇಲಿದ್ದು ಬಲಕ್ಕೆ ಹೋದಂತೆ ಬೆಟ್ಟದಿಂದ ಇಳಿದಂತೆ ಇಳಿಯುತ್ತದೆ. ಅಡುಗೆಮನೆಯ ಕರೆ ಏಕೆ ಕೇಳುತ್ತದೆ, 'ಸಾಲು' ಏಕೆ 'ಹಾಲು' ಆಗುತ್ತದೆ ಎಂಬುದಕ್ಕೆ ಆ ಇಳಿಜಾರೇ ಉತ್ತರ. ಆ ಹಾಳೆಯನ್ನು ಓದಲು ಕಲಿತ ತಂದೆತಾಯಿ ಮತ್ತೆ 'ಜಾಣ ಕಿವುಡು' ಎನ್ನಲಾರರು.

ದಾರಿ ಮುಚ್ಚಿದೆಯೋ, ಮನೆಯೇ ಮುರಿದಿದೆಯೋ

ಇನ್ನೊಂದು ಪ್ರಶ್ನೆ ಉಳಿದಿದೆ. ಶಬ್ದ ಹೋಗುವ ದಾರಿಯಲ್ಲಿ ಅಡ್ಡಿಯಿದೆಯೋ, ಒಳಗಿವಿಯಲ್ಲೇ ದೋಷವೋ? ಇದಕ್ಕಾಗಿ ಕಿವಿಯ ಹಿಂದಿನ ಮೂಳೆಗೆ ಒಂದು ಕಂಪಕವನ್ನಿಟ್ಟು ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಮೂಳೆಯ ಮೂಲಕ ಹೋದ ಕಂಪನ ನಡುಗಿವಿಯನ್ನು ಬಳಸಿಕೊಂಡು ನೇರವಾಗಿ ಒಳಗಿವಿ ಸೇರುತ್ತದೆ. ಮೂಳೆಯಿಂದ ಚೆನ್ನಾಗಿ ಕೇಳಿ ಗಾಳಿಯಿಂದ ಕೇಳದಿದ್ದರೆ ಅಡ್ಡಿ ದಾರಿಯಲ್ಲಿದೆ. ಎರಡೂ ಒಂದೇ ಸಮ ಕುಗ್ಗಿದ್ದರೆ ದೋಷ ಒಳಗಿವಿಯಲ್ಲೋ ನರದಲ್ಲೋ ಇದೆ.

ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿರುವ 512 ಹರ್ಟ್ಜ್‌ನ ಶ್ರುತಿಕವೆಯಿಂದಲೂ, ಅಂದರೆ ಟ್ಯೂನಿಂಗ್ ಫೋರ್ಕಿನಿಂದಲೂ, ಈ ತತ್ವವನ್ನು ನೋಡಬಹುದು. ಅದನ್ನು ರಬ್ಬರಿಗೆ ಬಡಿದು, ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಹಿಡಿಯಿರಿ. ಸದ್ದು ಅಡಗಿತೆನ್ನಿಸಿದಾಗ ಕವೆಯನ್ನು ಕಿವಿಯ ಮುಂದೆ ತನ್ನಿ. ಆರೋಗ್ಯದ ಕಿವಿಗೆ ಸದ್ದು ಮತ್ತೆ ಕೇಳುತ್ತದೆ. ದಾರಿಯಲ್ಲಿ ಅಡ್ಡಿಯಿರುವ ಕಿವಿಗೆ ಸಾಮಾನ್ಯವಾಗಿ ಕೇಳುವುದಿಲ್ಲ. ಇದು ರಿನ್ನೆ ಪರೀಕ್ಷೆ. ವೈದ್ಯರು ಇಂದಿಗೂ ಬಳಸುತ್ತಾರೆ. ವಿದ್ಯಾರ್ಥಿಗಳಿಗೆ ಇದು ಪ್ರಯೋಗ ಮಾತ್ರ, ರೋಗನಿರ್ಣಯವಲ್ಲ.

ದಾರಿಯ ಅಡ್ಡಿಗಳಿಗೆ ಸಾಮಾನ್ಯವಾಗಿ ಚಿಕಿತ್ಸೆಯಿದೆ. ಗುಗ್ಗೆ ತೆಗೆಸಿದರೆ ಆಯಿತು. ಪದೇ ಪದೇ ನೆಗಡಿಯಾಗುವ ಮಕ್ಕಳ ನಡುಗಿವಿಯಲ್ಲಿ ಅಂಟಿನಂಥ ದ್ರವ ಸೇರಿ ಕೇಳ್ಮೆ ಕುಗ್ಗುವುದುಂಟು. ನೋವಿಲ್ಲದ್ದರಿಂದ ಯಾರಿಗೂ ತಿಳಿಯುವುದಿಲ್ಲ. ತಮಟೆಯ ಚಲನೆಯನ್ನು ಗಾಳಿಯ ಒತ್ತಡದಿಂದ ಅಳೆಯುವ ಟಿಂಪನೋಮೆಟ್ರಿ ಪರೀಕ್ಷೆ ಇದನ್ನು ಒಂದೆರಡು ನಿಮಿಷದಲ್ಲಿ ತೋರಿಸುತ್ತದೆ. ಅನೇಕ ಮಕ್ಕಳಲ್ಲಿ ಅದು ಕೆಲವು ತಿಂಗಳಲ್ಲಿ ತಾನಾಗಿ ಇಂಗುತ್ತದೆ. ಇಂಗದಿದ್ದರೆ ವೈದ್ಯರು ತಮಟೆಯಲ್ಲಿ ಸಣ್ಣ ನಳಿಕೆ ಇಟ್ಟು ದ್ರವ ಬಸಿಯುತ್ತಾರೆ. ತೂತಾದ ತಮಟೆಯನ್ನೂ ಶಸ್ತ್ರಚಿಕಿತ್ಸೆಯಿಂದ ಮುಚ್ಚಬಹುದು. ಸೋರುವ ಕಿವಿಗೆ ಬಿಸಿ ಎಣ್ಣೆ ಬಿಡುವುದು, ಹೇರ್‌ಪಿನ್, ಬೆಂಕಿಕಡ್ಡಿ ಹಾಕಿ ಕೆದಕುವುದು ಮಾತ್ರ ಇದ್ದದ್ದನ್ನೂ ಕೆಡಿಸುತ್ತವೆ.

ಒಳಗಿವಿಯ ದೋಷಕ್ಕೆ ಹೆಚ್ಚಿನ ಸಂದರ್ಭಗಳಲ್ಲಿ ಔಷಧವಿಲ್ಲ. ಅಲ್ಲಿ ಶ್ರವಣಸಾಧನವೇ ದಾರಿ.

'ಮಿಷನ್' ಹಾಕಿದ ಮೇಲೆ

ಇಲ್ಲಿಯೇ ಅನೇಕ ಮನೆಗಳಲ್ಲಿ ಕಾಲು ಹಿಂದೆ ಸರಿಯುತ್ತದೆ. 'ಈಗಲೇ ಮಿಷನ್ ಹಾಕಿದರೆ ಹುಡುಗರು ಆಡಿಕೊಳ್ಳುತ್ತಾರೆ' ಎನ್ನುತ್ತಾಳೆ ತಾಯಿ. ಹೆಣ್ಣುಮಗುವಾದರೆ ಅಜ್ಜಿಗೆ ಆಗಲೇ ಮದುವೆಯ ಚಿಂತೆ. 'ದೊಡ್ಡವನಾದಂತೆ ಸರಿಹೋಗುತ್ತದೆ' ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಒಳಗಿವಿಯ ಕೋಶಗಳಿಗೆ ಈ ಸಮಾಧಾನ ತಿಳಿಯದು. ಕನ್ನಡಕ ಹಾಕಿದ ಮಗುವನ್ನು ಇಂದು ಯಾರೂ ಕುರುಡ ಎನ್ನುವುದಿಲ್ಲ. ಕಿವಿಯ ಹಿಂದಿನ ಪುಟ್ಟ ಯಂತ್ರಕ್ಕೆ ಮಾತ್ರ ಏಕೆ ನಾಚಿಕೆ?

ಈಗಿನ ಡಿಜಿಟಲ್ ಸಾಧನ ಎಲ್ಲ ಶಬ್ದವನ್ನೂ ಒಂದೇ ಸಮ ಜೋರು ಮಾಡುವ ಧ್ವನಿವರ್ಧಕವಲ್ಲ. ಶ್ರವಣನಕ್ಷೆಯನ್ನು ಎದುರಿಗಿಟ್ಟುಕೊಂಡು ಶ್ರವಣತಜ್ಞರು ಅದನ್ನು ಕಂಪ್ಯೂಟರಿನ ಮೂಲಕ ಹೊಂದಿಸುತ್ತಾರೆ. ನಮ್ಮ ಹುಡುಗನಿಗೆ ಕೆಳಗಿನ ಆವರ್ತಗಳಲ್ಲಿ ಸ್ವಲ್ಪ, ಮೇಲಿನವುಗಳಲ್ಲಿ ಹೆಚ್ಚು. ಆದ್ದರಿಂದ ಪಕ್ಕದ ಮನೆಯ ತಾತನ ಯಂತ್ರ ಮೊಮ್ಮಗನಿಗೆ ಹೊಂದದು. ಕಿವಿಯ ಅಚ್ಚನ್ನು ತೆಗೆದು ಮಾಡಿದ ಮೋಲ್ಡ್ ಬೇಕು. ಮಗು ಬೆಳೆದಂತೆ ಕಿವಿಯೂ ಬೆಳೆಯುವುದರಿಂದ ಮೋಲ್ಡನ್ನು ಆಗಾಗ ಬದಲಿಸಬೇಕು. ಬೆವರು, ಮಳೆ, ಸ್ನಾನದ ನೀರು ತಾಗದಂತೆ ಕಾಯಬೇಕು.

ಮೊದಲ ದಿನವೇ ಪವಾಡ ನಡೆಯುವುದಿಲ್ಲ. ಫ್ಯಾನಿನ ಸದ್ದು, ಪಾತ್ರೆಯ ಸದ್ದು, ಬೆಂಚು ಎಳೆದ ಸದ್ದು ಎಲ್ಲವೂ ಒಟ್ಟಿಗೆ ನುಗ್ಗಿ ಮಗು ಯಂತ್ರವನ್ನು ಕಿತ್ತಿಡಬಹುದು. ಯಾವುದನ್ನು ಬಿಡಬೇಕು, ಯಾವುದಕ್ಕೆ ಕಿವಿಗೊಡಬೇಕು ಎಂಬುದನ್ನು ಮಿದುಳು ಕಲಿಯಲು ವಾರಗಳು, ತಿಂಗಳುಗಳು ಬೇಕು. ಈ ಅವಧಿಯಲ್ಲಿ ಯಂತ್ರ ಬೀರುವಿನಲ್ಲಿ ಕೂತರೆ ಹಾಕಿದ ಹಣವೂ ಬೀರುವಿನಲ್ಲಿ ಕೂತಂತೆಯೇ. ಸಾಧನದ ಬೆಲೆ ಹೊರೆಯಾಗುವ ಕುಟುಂಬಗಳಿಗೆ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯ ನೆರವಿದೆ. ಅದಕ್ಕೆ ಆದಾಯ ಮಿತಿ ಮೊದಲಾದ ನಿಯಮಗಳಿವೆ.

ಶಾಲೆಯಲ್ಲಿ ಮಾಡಬೇಕಾದದ್ದು ಖರ್ಚಿಲ್ಲದ ಕೆಲಸ. ಮಗುವನ್ನು ಮುಂದಿನ ಬೆಂಚಿನಲ್ಲಿ, ರಸ್ತೆಯ ಕಿಟಕಿಯಿಂದ ದೂರ ಕೂರಿಸುವುದು. ಹಲಗೆಯತ್ತ ತಿರುಗಿ ಮಾತಾಡದಿರುವುದು. ಉಕ್ತಲೇಖನದ ಪದವನ್ನು ಮುಖ ಕಾಣುವಂತೆ ಹೇಳಿ, ಒಂದು ವಾಕ್ಯದಲ್ಲಿ ಸೇರಿಸಿ ಮತ್ತೊಮ್ಮೆ ಹೇಳುವುದು. 'ಇರುವೆಗಳು ಸಾಲಾಗಿ ಹೋದವು' ಎಂದರೆ 'ಹಾಲು' ಎಂದು ಯಾರೂ ಬರೆಯಲಾರರು.

ಹಸುಗೂಸಿಗೂ ಪರೀಕ್ಷೆ

ಮೂರನೆಯ ತರಗತಿಯಲ್ಲಿ ಪತ್ತೆಯಾದದ್ದು ತಡವೇ. ತೀವ್ರ ಕಿವುಡುತನದೊಂದಿಗೆ ಹುಟ್ಟಿದ ಮಗುವಿಗಂತೂ ಪ್ರತಿ ತಿಂಗಳೂ ಬೆಲೆಯುಳ್ಳದ್ದು. ಭಾಷೆಗಾಗಿ ಮಿದುಳು ಹದವಾಗಿರುವುದು ಮೊದಲ ಮೂರ್ನಾಲ್ಕು ವರ್ಷ. ಬಿತ್ತನೆಯ ಹದ ತಪ್ಪಿದರೆ ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ಅದೇ ಬೆಳೆ ಬಾರದು. 'ಅವರಪ್ಪನೂ ಮಾತು ಕಲಿತದ್ದು ತಡವೇ' ಎಂದು ಕಾಯುತ್ತ ಕೂರುವುದು ಈ ಹದವನ್ನು ಕಳೆಯುವ ದಾರಿ.

ಗುಂಡಿ ಒತ್ತಲಾರದ ಕೂಸಿನ ಕಿವಿಯನ್ನೂ ಪರೀಕ್ಷಿಸಬಹುದು. ಆರೋಗ್ಯವಾದ ಒಳಗಿವಿ ಶಬ್ದವನ್ನು ಕೇಳಿದಾಗ ತಾನೂ ಅತಿ ಮೆಲುವಾದ ಮರುದನಿಯೊಂದನ್ನು ಹೊರಡಿಸುತ್ತದೆ. ಇಂಗ್ಲೆಂಡಿನ ಡೇವಿಡ್ ಕೆಂಪ್ 1978ರಲ್ಲಿ ಪ್ರಕಟಿಸಿದ ಈ ಶೋಧನೆಯ ಆಧಾರದ ಮೇಲೆ, ಮಲಗಿದ ಮಗುವಿನ ಕಿವಿಯಲ್ಲಿ ಪುಟ್ಟ ಬಿರಡೆಯಂಥ ಸಾಧನವಿಟ್ಟು ಕೆಲವೇ ನಿಮಿಷದಲ್ಲಿ ತಪಾಸಣೆ ಮಾಡುತ್ತಾರೆ. ಸಂದೇಹ ಬಂದರೆ ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಶಬ್ದಕ್ಕೆ ನರ ಮತ್ತು ಮಿದುಳುಕಾಂಡ ಕೊಡುವ ವಿದ್ಯುತ್ ಉತ್ತರವನ್ನು ನೋಡುತ್ತಾರೆ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ. ತಜ್ಞರು ಒಪ್ಪಿರುವ ಲೆಕ್ಕ ಇದು.

ಶ್ರವಣಸಾಧನದಿಂದಲೂ ಪ್ರಯೋಜನವಾಗದಷ್ಟು ದೋಷವಿದ್ದರೆ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಶಸ್ತ್ರಚಿಕಿತ್ಸೆಯಿದೆ. ಸತ್ತ ಕೂದಲು ಕೋಶಗಳನ್ನು ಬಿಟ್ಟು, ಕಾಕ್ಲಿಯದೊಳಗೆ ಇಳಿಸಿದ ಎಲೆಕ್ಟ್ರೋಡುಗಳು ನರವನ್ನು ನೇರವಾಗಿ ಪ್ರಚೋದಿಸುತ್ತವೆ. ಇದು ದುಬಾರಿ. ಹುಟ್ಟುಕಿವುಡಿನ ಎಳೆಯ ಮಕ್ಕಳಿಗೆ ಇದಕ್ಕೂ ಅಡಿಪ್ ಯೋಜನೆಯ ನೆರವುಂಟು, ಆದರೆ ವಯಸ್ಸಿನ ಮಿತಿಯಿದೆ. ತಡಮಾಡಿದವರು ಮಿದುಳಿನ ಹದವನ್ನೂ ಕಳೆದುಕೊಳ್ಳುತ್ತಾರೆ, ಈ ಅವಕಾಶವನ್ನೂ ಕಳೆದುಕೊಳ್ಳುತ್ತಾರೆ. ಶಸ್ತ್ರಚಿಕಿತ್ಸೆಯ ನಂತರ ವರ್ಷಗಟ್ಟಲೆ ಕೇಳುವ, ಮಾತಾಡುವ ತರಬೇತಿ ಬೇಕು. ಇದರಲ್ಲಿ ಮನೆಯವರೇ ದೊಡ್ಡ ಗುರುಗಳು. ಎಲ್ಲ ಮಕ್ಕಳಿಗೂ ಮಾತಿನ ದಾರಿಯೇ ಒದಗುತ್ತದೆಂದಲ್ಲ. ಸನ್ನೆಭಾಷೆಯೂ ವ್ಯಾಕರಣವುಳ್ಳ ಪೂರ್ಣ ಭಾಷೆ. ಯಾವುದೇ ಭಾಷೆಯಿಲ್ಲದೆ ಮಗು ಬೆಳೆಯುವುದು ಮಾತ್ರ ಕೂಡದು.

ಇದ್ದ ಕಿವಿ ಉಳಿಸಿಕೊಳ್ಳಲು

ಚೆನ್ನಾಗಿ ಕೇಳುವ ವಿದ್ಯಾರ್ಥಿಗಳಿಗೂ ಒಂದು ಲೆಕ್ಕವಿದೆ. ದೊಡ್ಡವರ ಕಿವಿ ವಾರಕ್ಕೆ 40 ಗಂಟೆ ಕಾಲ 80 ಡೆಸಿಬಲ್ ಸದ್ದನ್ನು ತಾಳಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸದ್ದು 3 ಡೆಸಿಬಲ್ ಏರಿದಾಗಲೆಲ್ಲ ಈ ಅವಧಿ ಅರ್ಧವಾಗುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ಮಕ್ಕಳಿಗೆ ಮಿತಿ ಇನ್ನೂ ಕೆಳಗೆ, 75 ಡೆಸಿಬಲ್. ಬಸ್ಸಿನ ಗದ್ದಲವನ್ನು ಮೀರಿಸಲು ಇಯರ್‌ಫೋನಿನ ಸದ್ದನ್ನು ತುದಿಗೇರಿಸುವವರು ವಾರದ ಪಾಲನ್ನು ಒಂದೆರಡು ದಿನದಲ್ಲೇ ಮುಗಿಸಿರುತ್ತಾರೆ. ಸದ್ದನ್ನು ಅರವತ್ತರ ಪ್ರಮಾಣಕ್ಕಿಂತ ಏರಿಸದಿರುವುದು, ನಡುನಡುವೆ ಕಿವಿಗೆ ಬಿಡುವು ಕೊಡುವುದು ಒಳ್ಳೆಯ ಅಭ್ಯಾಸ. ಸಂಗೀತ ಕೇಳಿ ಎದ್ದ ಮೇಲೆ ಕಿವಿಯಲ್ಲಿ ಗುಂಯ್‌ಗುಡಿದರೆ ಅದು ಎಚ್ಚರಿಕೆಯ ಗಂಟೆ.

ತಂದೆತಾಯಿಗಳು ಕೆಲವು ಲಕ್ಷಣಗಳನ್ನು ಗಮನದಲ್ಲಿಡಬೇಕು. ಟಿ.ವಿ.ಯ ಸದ್ದು ಏರಿಸುವುದು, ಪದೇ ಪದೇ 'ಆಂ?' ಎನ್ನುವುದು, ಮಾತಾಡುವವರ ಬಾಯಿಯನ್ನೇ ದಿಟ್ಟಿಸುವುದು, ಕೆಲವು ಅಕ್ಷರಗಳನ್ನು ನುಂಗುವುದು, ಫೋನನ್ನು ಯಾವಾಗಲೂ ಒಂದೇ ಕಿವಿಗೆ ಹಿಡಿಯುವುದು. ಮಂಗನಬಾವು ಬಂದುಹೋದ ಮೇಲೆ ಒಂದು ಕಿವಿ ಪೂರ್ತಿ ಹೋಗಿದ್ದರೂ ವರ್ಷಗಟ್ಟಲೆ ತಿಳಿಯದಿರುವುದುಂಟು. ಹಠಾತ್ತಾಗಿ ಒಂದು ಕಿವಿ ಕೇಳದಂತಾದರೆ ಅದೇ ದಿನ ವೈದ್ಯರಲ್ಲಿಗೆ ಓಡಬೇಕು. ಅಲ್ಲಿ ತಡವಾದಷ್ಟೂ ಕಿವಿ ಮರಳುವ ಆಸೆ ಕಡಿಮೆ.

ಕರೆದಾಗ ಬಾರದ, ಹೇಳಿದ್ದು ಮಾಡದ, ಬರೆದದ್ದು ತಪ್ಪುವ ಮಗು ದಡ್ಡನೂ ಅಲ್ಲದಿರಬಹುದು, ಹಠಮಾರಿಯೂ ಅಲ್ಲದಿರಬಹುದು. ಅದು ಹೌದೋ ಅಲ್ಲವೋ ಎಂದು ತಿಳಿಯಲು ಅರ್ಧ ದಿನದ ಕೆಲಸ ಸಾಕು. ಮುಂದಿನ ಸಲ ಕೈ ಮಗುವಿನ ಕಿವಿಯತ್ತ ಚಾಚಿದಾಗ ಮೇಷ್ಟ್ರೂ ಮನೆಯವರೂ ಒಂದು ಕ್ಷಣ ನಿಲ್ಲಲಿ. ಆ ಕಿವಿಯನ್ನು ಹಿಂಡುವ ಮೊದಲು, ಅದಕ್ಕೆ ಏನು ಕೇಳಿಸಿತೆಂದು ಕೇಳಲಿ.